ಉಬರ್ ಪಾರಿತೋಷಕವೂ ಸ್ತ್ರೀಯ ರಾಷ್ಟ್ರೀಯತೆಯೂ

ಆಟೋಟಗಳ ಇತಿಹಾಸವನ್ನು ನಮ್ಮ ಇತಿಹಾಸ ವಿಭಾಗಗಳು ಬಹುಕಾಲದಿಂದ ವೃತ್ತಪತ್ರಿಕೆಗಳ ವರದಿಗಾರರ ಪಾಲಿಗೇ ಬಿಟ್ಟುಕೊಟ್ಟಿವೆ. ರಾಜವಂಶಗಳ ಕಾಲನಿರ್ಣಯ, ಶಾಸನಗಳ ಪಾಠಶೋಧನೆ, ಭೂಕಂದಾಯದ ವ್ಯವಸ್ಥೆ ಮುಂತಾದ ಗಹನ ವಿಷಯಗಳ ನಡುವೆ ಆಟದ ಅಂಗಳಕ್ಕೆ ಎಡೆಯೆಲ್ಲಿ ಎಂದು ಕೇಳುವ ಅಧ್ಯಾಪಕ ಮಿತ್ರರೂ ಉಂಟು. ಈ ಆಕ್ಷೇಪಕ್ಕೆ ವಾದದ ಮೂಲಕ ಉತ್ತರ ಹೇಳುವುದಕ್ಕಿಂತ ಒಂದು ನಿದರ್ಶನವನ್ನು ಮುಂದಿಡುವುದು ಲೇಸೆಂದು ಬಗೆದು, ಬ್ಯಾಡ್ಮಿಂಟನ್ ಆಟದಲ್ಲಿ ಸ್ತ್ರೀಯರ ರಾಷ್ಟ್ರತಂಡಗಳು 1957ರಿಂದ ಸ್ಪರ್ಧಿಸುತ್ತ ಬಂದಿರುವ ಉಬರ್ ಪಾರಿತೋಷಕದ ಚರಿತ್ರೆಯನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ. ಗೆಲವು ಸೋಲುಗಳ ಪಟ್ಟಿ ಯಾವ ಕ್ರೀಡಾಕೋಶದಲ್ಲಿಯಾದರೂ ದೊರೆಯುವುದರಿಂದ ಅದನ್ನು ಅಗತ್ಯವಿದ್ದಷ್ಟು ಮಾತ್ರ ಬಳಸಿಕೊಳ್ಳುತ್ತೇವೆ. ನಮ್ಮನ್ನು ಕಾಡಿದ ಪ್ರಶ್ನೆ ಬೇರೊಂದು. ಒಬ್ಬ ಸ್ತ್ರೀಯು ಒಂದು ರಾಷ್ಟ್ರದ ಪರವಾಗಿ ಅಂಗಳಕ್ಕಿಳಿಯಬೇಕಾದರೆ ಆ ರಾಷ್ಟ್ರವು ಮೊದಲು ಅವಳದಾಗಿರಬೇಕಷ್ಟೆ. ಅದು ಅವಳದಾದದ್ದು ಯಾವಾಗ? ಯಾರ ಮೂಲಕ? ಮದುವೆಯಾದ ಬಳಿಕವೂ ಅದು ಅವಳದಾಗಿಯೇ ಉಳಿಯಿತೆ?

ಮೊದಲೇ ಒಂದು ಸಣ್ಣ ಸ್ಪಷ್ಟನೆ ಅವಶ್ಯಕ. ಕನ್ನಡ ನಾಡಿನ ಅನೇಕ ಊರುಗಳಲ್ಲಿ ಹಿಂದಿನ ತಲೆಮಾರಿನವರಿಗೆ ಬ್ಯಾಡ್ಮಿಂಟನ್ ಎಂದರೆ ಶಾಲೆಯ ಬಯಲಿನಲ್ಲಿ ಉಣ್ಣೆಯ ಚೆಂಡಿನಿಂದ, ಪಕ್ಕಕ್ಕೆ ಐವರಂತೆ ನಿಂತು ಆಡುತ್ತಿದ್ದ ಬಾಲ್ ಬ್ಯಾಡ್ಮಿಂಟನ್ನೇ ನೆನಪಿಗೆ ಬರುತ್ತದೆ. ನಾವು ಇಲ್ಲಿ ಹೇಳುತ್ತಿರುವುದು ಗರಿಯ ಷಟಲ್ಲಿನಿಂದ, ಒಬ್ಬೊಬ್ಬರಾಗಿ ಅಥವಾ ಇಬ್ಬಿಬ್ಬರಾಗಿ ಆಡುವ ಆಟವನ್ನು. ಇದರ ನಿಯಮಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಪುಣೆಯ ದಂಡುಪ್ರದೇಶದ ಆಂಗ್ಲ ಅಧಿಕಾರಿಗಳ ನಡುವೆ ರೂಪುಗೊಂಡುವು. ಹೆಸರು ಮಾತ್ರ ಇಂಗ್ಲೆಂಡಿನ ಬ್ಯೂಫರ್ಟ್ ಡ್ಯೂಕರ ಅರಮನೆಯದು. ಹುಟ್ಟಿಗೆ ನೆಲ ನಮ್ಮದು, ನಾಮಕರಣ ಅವರದು.

ಈಗ ಕಾನೂನಿನ ಹಿನ್ನೆಲೆಗೆ ಬರೋಣ. ಬ್ರಿಟನ್ನಿನ 1870ರ ಶಾಸನದ ಪ್ರಕಾರ ಪತಿಯು ಯಾವ ರಾಜ್ಯದ ಪ್ರಜೆಯೋ ಪತ್ನಿಯೂ ಆ ರಾಜ್ಯದ ಪ್ರಜೆಯೆಂದೇ ಎಣಿಸಲ್ಪಡುತ್ತಿದ್ದಳು. 1914ರ ಶಾಸನವೂ ಈ ತತ್ತ್ವವನ್ನು ಬಿಡಲಿಲ್ಲ. ಅಮೆರಿಕದ ಸಂಯುಕ್ತ ಸಂಸ್ಥಾನಗಳು 1907ರಲ್ಲಿ ಇದೇ ಮಾರ್ಗವನ್ನು ಹಿಡಿದುವು. ಇದರ ಪರಿಣಾಮವೇನಾಯಿತೆಂಬುದಕ್ಕೆ ಕ್ಯಾಲಿಫೋರ್ನಿಯದ ಎಥೆಲ್ ಮೆಕೆಂಜಿಯವರ ವ್ಯಾಜ್ಯವೇ ಸಾಕ್ಷಿ. ಅಮೆರಿಕದಲ್ಲಿಯೇ ಹುಟ್ಟಿ ಅಲ್ಲಿಯೇ ವಾಸವಾಗಿದ್ದ ಈಕೆ ಬ್ರಿಟಿಷ್ ಪ್ರಜೆಯೊಬ್ಬರನ್ನು ವರಿಸಿದ್ದರು. ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೋದಾಗ ತಾವು ಅಮೆರಿಕದವರಲ್ಲವೆಂಬ ಸಂಗತಿ ಅವರಿಗೆ ತಿಳಿಯಿತು. 1915ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಸ್ವಂತ ಊರನ್ನು ಬಿಟ್ಟು ಕದಲದೆಯೇ ಒಬ್ಬಳು ಪರದೇಶದವಳಾಗಬಹುದಾಗಿತ್ತು. 1922ರ ಕೇಬಲ್ ಶಾಸನವು ಈ ಅನ್ಯಾಯವನ್ನು ಬಹುಮಟ್ಟಿಗೆ ಸರಿಪಡಿಸಿತಾದರೂ, ಪೌರತ್ವಕ್ಕೆ ಅರ್ಹರಲ್ಲವೆಂದು ಅಮೆರಿಕವು ನಿರ್ಧರಿಸಿದ್ದ ಏಷ್ಯಾದವರನ್ನು ವರಿಸಿದವಳಿಗೆ ಅದರ ರಕ್ಷಣೆ ದೊರೆಯಲಿಲ್ಲ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ ಭಾರತೀಯರೂ ಈ ಅನರ್ಹರ ಸಾಲಿಗೆ ಸೇರಿದುದರಿಂದ, ಭಾರತೀಯನೊಬ್ಬನ ಕೈಹಿಡಿದ ಅಮೆರಿಕದ ಹೆಣ್ಣು 1931ರವರೆಗೂ ತನ್ನ ಪೌರತ್ವವನ್ನು ಕಳೆದುಕೊಳ್ಳುತ್ತಿದ್ದಳು. ಬ್ರಿಟನ್ನಿನಲ್ಲಿ ವಿವಾಹದಿಂದಲೇ ರಾಷ್ಟ್ರೀಯತೆ ಕಳೆದುಹೋಗುವ ನಿಯಮ ಪೂರ್ತಿಯಾಗಿ ಅಳಿದದ್ದು 1948ರ ಶಾಸನದಿಂದ. ಅದು ಜಾರಿಗೆ ಬಂದದ್ದು 1949ರ ಜನವರಿ 1ರಂದು.

ಈ ವರ್ಷಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಸ್ತ್ರೀತಂಡಗಳ ಸ್ಪರ್ಧೆಗಳು ಹುಟ್ಟಿದ ಕ್ರಮವನ್ನು ನೋಡಿದರೆ ಒಂದು ವಿಶೇಷ ಕಂಡುಬರುತ್ತದೆ. ಲಾನ್ ಟೆನಿಸ್ಸಿನಲ್ಲಿ ಪುರುಷರ ಡೇವಿಸ್ ಕಪ್ ಆರಂಭವಾದದ್ದು 1900ರಲ್ಲಿ. ಸ್ತ್ರೀಯರಿಗೂ ಅಂಥ ಒಂದು ಬಹುರಾಷ್ಟ್ರ ಸ್ಪರ್ಧೆ ಬೇಕೆಂದು ಅಮೆರಿಕದ ಹೇಜಲ್ ಹಾಚ್‌ಕಿಸ್ ವೈಟ್‌ಮನ್ ತಾವೇ ಬೆಳ್ಳಿಯ ಕಲಶವೊಂದನ್ನು ನೀಡಲು ಮುಂದೆ ಬಂದರೂ ಹಣದ ಅಡಚಣೆಯ ಮಾತು ಬಂದು, 1923ರಲ್ಲಿ ಅದು ಅಮೆರಿಕ ಮತ್ತು ಬ್ರಿಟನ್‌ಗಳ ನಡುವಣ ಪಂದ್ಯವಾಗಿ ಮಾತ್ರ ರೂಪು ತಳೆಯಿತು. ಕೇಬಲ್ ಶಾಸನದ ಮರುವರ್ಷ ಇದು ನಡೆದದ್ದು ಆಕಸ್ಮಿಕವಿರಬಹುದು. ಕಾರ್ಯಕಾರಣ ಸಂಬಂಧವನ್ನು ಹೊರಿಸುವ ಸಾಹಸವನ್ನು ನಾವು ಮಾಡುವುದಿಲ್ಲ. ವೈಟ್‌ಮನ್ ಅವರು ಬಯಸಿದ್ದ ಬಹುರಾಷ್ಟ್ರ ಸ್ಪರ್ಧೆ ಫೆಡರೇಷನ್ ಕಪ್ ಎಂಬ ಹೆಸರಿನಿಂದ 16 ದೇಶಗಳೊಡನೆ ಲಂಡನ್ನಿನಲ್ಲಿ ನಡೆದದ್ದು 1963ರಲ್ಲಿ. ಡೇವಿಸ್ ಕಪ್ಪಿಗೂ ಅದಕ್ಕೂ 63 ವರ್ಷಗಳ ಅಂತರ. ಟೇಬಲ್ ಟೆನಿಸ್ಸಿನಲ್ಲಿ ಅಂತರ ಇಷ್ಟಿಲ್ಲ: ಪುರುಷರ ಸ್ವೇತ್ಲಿಂಗ್ ಕಪ್ 1926ರದು, ಸ್ತ್ರೀಯರ ಕಾರ್ಬಿಲಾನ್ ಕಪ್ 1933ರ ಡಿಸೆಂಬರಿನದು. ಇಲ್ಲೊಂದು ತಮಾಷೆಯಿದೆ. ಪುರುಷರ ಕಪ್ಪನ್ನು ಕೊಟ್ಟವರು ಲೇಡಿ ಸ್ವೇತ್ಲಿಂಗ್. ಸ್ತ್ರೀಯರ ಕಪ್ಪನ್ನು ಕೊಟ್ಟವರು ಫ್ರೆಂಚ್ ಸಂಘದ ಅಧ್ಯಕ್ಷರಾಗಿದ್ದ ಮಾರ್ಸೆಲ್ ಕಾರ್ಬಿಲಾನ್. ಬಹಳ ಈಚಿನ ಆಟವಾದ ಡಾರ್ಟ್ಸ್, ಎಂದರೆ ಇಂಗ್ಲೆಂಡಿನ ಪಾನಗೃಹಗಳಲ್ಲಿ ಗೋಡೆಯ ಮೇಲಿನ ವೃತ್ತಾಕಾರದ ಹಲಗೆಗೆ ಸಣ್ಣ ಬಾಣಗಳನ್ನೆಸೆಯುವ ಆಟ, ಅದರಲ್ಲಿಯೂ ಕ್ರಮ ಬದಲಾಗಲಿಲ್ಲ. ಡಾರ್ಟ್ಸ್ ಒಕ್ಕೂಟದ ವಿಶ್ವಕಪ್ 1977ರಲ್ಲಿ ಲಂಡನ್ನಿನಲ್ಲಿ ಪುರುಷರಿಗಾಗಿ ಆರಂಭವಾಯಿತು. ಸ್ತ್ರೀಯರ ಸ್ಪರ್ಧೆ ಅದಕ್ಕೆ ಸೇರಿದ್ದು 1983ರಲ್ಲಿ, ಎಡಿನ್‌ಬರೋ ನಗರದಲ್ಲಿ. ಬಾಣವೆಸೆಯಲು ಭುಜಬಲ ಬೇಕೆಂದು ಯಾರೂ ಹೇಳಲಾರರು. ಆದುದರಿಂದ ಈ ವಿಳಂಬಕ್ಕೆ ದೇಹಶಕ್ತಿಯ ಕಾರಣವನ್ನು ಒಡ್ಡುವುದು ವ್ಯರ್ಥ.

ಬ್ಯಾಡ್ಮಿಂಟನ್ನಿನ ವಿಷಯದಲ್ಲಂತೂ ವಿಳಂಬ ಇನ್ನೂ ಸೋಜಿಗದ್ದು. ಈ ಆಟದಲ್ಲಿ ಸ್ತ್ರೀಯರು ಹೊರಗಿನಿಂದ ಬಂದು ಸೇರಿದವರಲ್ಲ. 1899ರಲ್ಲಿ ಆಲ್ ಇಂಗ್ಲೆಂಡ್ ಸ್ಪರ್ಧೆ ಮೊದಲ ಬಾರಿಗೆ ನಡೆದಾಗ ಇದ್ದ ಮೂರು ವಿಭಾಗಗಳು ಪುರುಷರ ಡಬಲ್ಸ್, ಸ್ತ್ರೀಯರ ಡಬಲ್ಸ್ ಮತ್ತು ಮಿಶ್ರ ಡಬಲ್ಸ್. ಸಿಂಗಲ್ಸ್ ಬಂದದ್ದು ಮರುವರ್ಷ, ಇಬ್ಬರಿಗೂ ಒಟ್ಟಿಗೆ. ಹೀಗೆ ತನ್ನ ಹೆಸರಿನಲ್ಲಿ ಆಡುವ ಅವಕಾಶ ಸ್ತ್ರೀಗೆ ಮೊದಲ ದಿನದಿಂದಲೇ ಇತ್ತು. ರಾಷ್ಟ್ರದ ಹೆಸರಿನಲ್ಲಿ ವಿಶ್ವಸ್ಪರ್ಧೆಯೊಂದರಲ್ಲಿ ಆಡುವ ಅವಕಾಶವಾದರೋ ಅರ್ಧ ಶತಮಾನಕ್ಕೂ ಮೀರಿದ ಮೇಲೆ ದೊರೆಯಿತು. 1934ರಲ್ಲಿ ಅಂತರರಾಷ್ಟ್ರೀಯ ಬ್ಯಾಡ್ಮಿಂಟನ್ ಒಕ್ಕೂಟ ಸ್ಥಾಪಿತವಾಯಿತು. ಅದರ ಅಧ್ಯಕ್ಷರಾಗಿದ್ದ ಸರ್ ಜಾರ್ಜ್ ತಾಮಸ್ ನೀಡಿದ ಕಪ್ಪಿಗಾಗಿ ಪುರುಷರ ತಂಡಗಳು ಎರಡನೆಯ ಮಹಾಯುದ್ಧ ಮುಗಿದ ಮೇಲೆ 1948-49ರಲ್ಲಿ ಸೆಣಸಿದುವು. ಪ್ರೆಸ್ಟನ್ ಪಟ್ಟಣದಲ್ಲಿ ನಡೆದ ಆಖೈರು ಪಂದ್ಯದಲ್ಲಿ ಮಲಯ ತಂಡ ಡೆನ್ಮಾರ್ಕನ್ನು 8-1ರಿಂದ ಸೋಲಿಸಿತು. ಇನ್ನೂ ವಸಾಹತಾಗಿದ್ದ ಮಲಯಕ್ಕೆ ಆ ಗೆಲವು ಏನಾಗಿತ್ತೆಂಬುದು ಪ್ರತ್ಯೇಕ ಲೇಖನಕ್ಕೆ ತಕ್ಕ ವಿಷಯ.

ಸ್ತ್ರೀಯರ ತಂಡಸ್ಪರ್ಧೆಯ ಸೂಚನೆಯನ್ನು 1950ರಲ್ಲಿ ಒಕ್ಕೂಟದ ಮುಂದಿಟ್ಟವರು ನ್ಯೂಜಿಲೆಂಡಿನ ನ್ಯಾನ್ಸಿ ಫ್ಲೆಮಿಂಗ್. ವೆಚ್ಚದ ಕಾರಣ ಹೇಳಿ ಅದನ್ನು ಮುಂದೂಡಲಾಯಿತು. ಟೆನಿಸ್ಸಿನಲ್ಲಿ ವೈಟ್‌ಮನ್ ಅವರಿಗೆ ದೊರೆತದ್ದೂ ಇದೇ ಉತ್ತರವೆಂಬುದನ್ನು ವಾಚಕರು ಗಮನಿಸಬೇಕು. ಯುದ್ಧೋತ್ತರ ಕಾಲದಲ್ಲಿ ಸಮುದ್ರಯಾನದ ವೆಚ್ಚ ನಿಜವಾಗಿಯೂ ಭಾರವಾಗಿತ್ತು, ಅದನ್ನು ಅಲ್ಲಗಳೆಯಲಾಗದು. ಆದರೆ ಅದೇ ಸಮುದ್ರ, ಅದೇ ಹಡಗು, ಅದೇ ವರ್ಷಗಳು ಪುರುಷರ ತಂಡಗಳಿಗೆ ಅಡ್ಡಿಯಾಗಲಿಲ್ಲ. 1953ರಲ್ಲಿ ವಿಷಯ ಮತ್ತೆ ಚರ್ಚೆಗೆ ಬಂದು, 1956-57ರಲ್ಲಿ ಸ್ಪರ್ಧೆಯನ್ನು ನಡೆಸುವ ನಿರ್ಣಯವಾಯಿತು. ಪಾರಿತೋಷಕವನ್ನು ಕೊಡಲು ಮುಂದೆ ಬಂದವರು ಇಂಗ್ಲೆಂಡಿನ ಬೆಟಿ ಉಬರ್.

1906ರಲ್ಲಿ ಜನಿಸಿ 1983ರಲ್ಲಿ ತೀರಿಕೊಂಡ ಶ್ರೀಮತಿ ಉಬರ್ ತಮ್ಮ ಕಾಲದ ಅಗ್ರಗಣ್ಯ ಆಟಗಾರ್ತಿ. ಆಲ್ ಇಂಗ್ಲೆಂಡ್ ಸ್ಪರ್ಧೆಯಲ್ಲಿ ಅವರು ಗಳಿಸಿದ ಪ್ರಶಸ್ತಿಗಳು 13. ಅವುಗಳಲ್ಲಿ ಸಿಂಗಲ್ಸಿನದು 1935ರ ಒಂದೇ ಒಂದು. ಸ್ತ್ರೀಯರ ಡಬಲ್ಸಿನವು 4, ಮಿಶ್ರ ಡಬಲ್ಸಿನವು 8. ಮೊದಲ ಮೂರು ಮಿಶ್ರ ಪ್ರಶಸ್ತಿಗಳನ್ನು, 1930ರಿಂದ 1932ರವರೆಗೆ, ಅವರು ತಮ್ಮ ಪತಿ ಹರ್ಬರ್ಟ್ ಉಬರ್ ಅವರ ಜೊತೆಯಲ್ಲಿ ಗೆದ್ದರು. ಜೊತೆಯಾಟದಲ್ಲಿ ಹೀಗೆ ಪಳಗಿದ ಕೈ ತಂಡಸ್ಪರ್ಧೆಯೊಂದಕ್ಕೆ ಪಾರಿತೋಷಕ ಕೊಟ್ಟದ್ದು ಉಚಿತವಾಗಿಯೇ ಇದೆ. ತಿರುಗುವ ಭೂಗೋಳ, ಅದರ ಮೇಲೆ ಷಟಲ್, ಷಟಲ್ಲಿನ ಮೇಲೆ ರ್‍ಯಾಕೆಟ್ ಹಿಡಿದು ನಿಂತ ಸ್ತ್ರೀ: ಪಾರಿತೋಷಕದ ರೂಪ ಇದು. 1956ರಲ್ಲಿ ಉಬರ್ ಅದನ್ನು ಒಕ್ಕೂಟಕ್ಕೆ ಒಪ್ಪಿಸಿದರು. ತಾಮಸ್ ಕಪ್ ಕೊಟ್ಟದ್ದು ಅಧ್ಯಕ್ಷಪೀಠ, ಉಬರ್ ಕಪ್ ಕೊಟ್ಟದ್ದು ಆಡಿದ ಕೈ ಎಂದು ಹೇಳಬೇಕೆನಿಸುತ್ತದೆ. ಆದರೆ ಸರ್ ಜಾರ್ಜ್ ಕೂಡ ದೊಡ್ಡ ಆಟಗಾರರೇ ಆಗಿದ್ದುದರಿಂದ ಹಾಗೆನ್ನುವುದು ಅವರಿಗೆ ಅನ್ಯಾಯವಾದೀತು.

ಮೊದಲ ಸ್ಪರ್ಧೆಯಲ್ಲಿ 11 ದೇಶಗಳು ಭಾಗವಹಿಸಿದುವು. ಆಖೈರು ಪಂದ್ಯ 1957ರ ಮಾರ್ಚಿಯಲ್ಲಿ ಲ್ಯಾಂಕಷೈರಿನ ಲಿದಮ್ ಸೇಂಟ್ ಆನ್ಸ್ ಎಂಬ ಕಡಲತೀರದ ಪಟ್ಟಣದಲ್ಲಿ ಜರುಗಿತು. ಅಮೆರಿಕ ಡೆನ್ಮಾರ್ಕನ್ನು 6-1ರಿಂದ ಸೋಲಿಸಿತು. ಅದೇ ವರ್ಷದ ಜನವರಿ 29ರಂದು ವಿಶ್ವಸಂಸ್ಥೆಯ ಮಹಾಸಭೆಯು ವಿವಾಹಿತ ಸ್ತ್ರೀಯರ ರಾಷ್ಟ್ರೀಯತೆಯನ್ನು ಕುರಿತ ಒಡಂಬಡಿಕೆಯನ್ನು ಅಂಗೀಕರಿಸಿತ್ತು. ವಿವಾಹದಿಂದಾಗಲಿ, ವಿವಾಹ ವಿಚ್ಛೇದನದಿಂದಾಗಲಿ, ವಿವಾಹಾನಂತರ ಪತಿಯ ರಾಷ್ಟ್ರೀಯತೆ ಬದಲಾಗುವುದರಿಂದಾಗಲಿ ಪತ್ನಿಯ ರಾಷ್ಟ್ರೀಯತೆ ತಾನಾಗಿಯೇ ಬದಲಾಗತಕ್ಕುದಲ್ಲವೆಂಬುದು ಅದರ ತಿರುಳು. ನ್ಯೂಯಾರ್ಕಿನ ಸಭಾಭವನಕ್ಕೂ ಲ್ಯಾಂಕಷೈರಿನ ಆಟದ ಮನೆಗೂ ನೇರವಾದ ನಂಟೇನೂ ಇಲ್ಲ. ಆದರೂ ಒಂದೇ ಚಳಿಗಾಲದಲ್ಲಿ ಎರಡು ಕಡೆಗಳಲ್ಲಿ ಒಂದೇ ಊಹೆ, ಸ್ತ್ರೀಗೆ ತನ್ನದೇ ಆದ ರಾಷ್ಟ್ರವೊಂದುಂಟು ಎಂಬ ಊಹೆ, ಆಕಾರ ಪಡೆಯಿತೆಂಬುದನ್ನು ಇತಿಹಾಸಕಾರನು ಗುರುತಿಸದೆ ಹೋಗುವಂತಿಲ್ಲ.

ಗೆದ್ದ ಅಮೆರಿಕದ ತಂಡವನ್ನು ಹತ್ತಿರದಿಂದ ನೋಡಿದರೆ ಈ ಊಹೆ ಎಷ್ಟು ಜಟಿಲವಾದುದೆಂಬುದು ತಿಳಿಯುತ್ತದೆ. ತಂಡದ ಮುಖ್ಯ ಆಟಗಾರ್ತಿ ಜೂಡಿ ಡೆವ್ಲಿನ್ ಹುಟ್ಟಿದ್ದು 1935ರಲ್ಲಿ, ಕೆನಡದ ವಿನಿಪೆಗ್ ನಗರದಲ್ಲಿ. ತಂದೆ ಫ್ರ್ಯಾಂಕ್ ಡೆವ್ಲಿನ್ ಐರ್ಲೆಂಡಿನವರು, 1920ರ ದಶಕದ ಪ್ರಸಿದ್ಧ ಆಟಗಾರರು. ತರಬೇತುದಾರರಾಗಿ ಕೆನಡಕ್ಕೆ ಹೋಗಿ ಅನಂತರ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ನೆಲೆಸಿದವರು. ಜೂಡಿಯವರ ಅಕ್ಕ ಸೂ ಕೂಡ ಆಟಗಾರ್ತಿ. ಅಕ್ಕತಂಗಿಯರು ಆಲ್ ಇಂಗ್ಲೆಂಡ್ ಡಬಲ್ಸನ್ನು ಹಲವು ಬಾರಿ ಗೆದ್ದರು. ಜೂಡಿ ಸಿಂಗಲ್ಸನ್ನು 1954ರಿಂದ 1967ರೊಳಗೆ 10 ಬಾರಿ ಗೆದ್ದರು. ಇನ್ನೊಬ್ಬ ಸದಸ್ಯೆ ಟೆಕ್ಸಾಸ್ ಪ್ರಾಂತದ ಮಾರ್ಗರೆಟ್ ವಾರ್ನರ್ 1955 ಮತ್ತು 1956ರಲ್ಲಿ ಆಲ್ ಇಂಗ್ಲೆಂಡ್ ವಿಜೇತೆ. ಟೆನಿಸ್ಸಿನ ವೈಟ್‌ಮನ್ ಕಪ್ಪಿನಲ್ಲಿಯೂ ಸ್ಕ್ವಾಷ್ ಆಟದಲ್ಲಿಯೂ ಅಮೆರಿಕವನ್ನು ಪ್ರತಿನಿಧಿಸಿದವರು. ಬಫಲೋ ನಗರದ ಎಥೆಲ್ ಮಾರ್ಷಲ್ 1947ರಿಂದ 1953ರವರೆಗೆ ಎಡೆಬಿಡದೆ ಏಳು ವರ್ಷ ರಾಷ್ಟ್ರವಿಜೇತೆಯಾಗಿದ್ದವರು. ಇವರಾರೂ ಆಟದಿಂದ ಜೀವನ ನಡೆಸಿದವರಲ್ಲ. ಆ ಕಾಲದ ಬ್ಯಾಡ್ಮಿಂಟನ್ ಪೂರ್ತಿಯಾಗಿ ಹವ್ಯಾಸಿಗಳ ಆಟ.

ಅಮೆರಿಕ 1960ರಲ್ಲಿ ಫಿಲಡೆಲ್ಫಿಯದಲ್ಲಿ ಡೆನ್ಮಾರ್ಕನ್ನು 5-2ರಿಂದ, 1963ರಲ್ಲಿ ವಿಲ್ಮಿಂಗ್ಟನ್ ನಗರದಲ್ಲಿ ಇಂಗ್ಲೆಂಡನ್ನು 4-3ರಿಂದ ಸೋಲಿಸಿ ಕಪ್ಪನ್ನು ಉಳಿಸಿಕೊಂಡಿತು. 1963ರ ಪಂದ್ಯವೇ ನಮ್ಮ ಪ್ರಶ್ನೆಗೆ ಅತ್ಯಂತ ಸಮೀಪವಾದುದು. ಜೂಡಿ ಡೆವ್ಲಿನ್ 1960ರಲ್ಲಿ ವಿವಾಹವಾಗಿ ಜೂಡಿ ಹ್ಯಾಷ್‌ಮನ್ ಎನಿಸಿ ಇಂಗ್ಲೆಂಡಿನಲ್ಲಿ ಸಂಸಾರ ಹೂಡಿದ್ದರು. ಮೂರು ವರ್ಷಗಳ ತರುವಾಯ ಅದೇ ಇಂಗ್ಲೆಂಡಿನ ವಿರುದ್ಧ ಅಮೆರಿಕದ ಪರವಾಗಿ ಆಡಿದರು. ಅಮೆರಿಕ ಗೆದ್ದದ್ದು ಒಂದೇ ಒಂದು ಆಟದ ಅಂತರದಿಂದ. 1870ರ ಶಾಸನದ ಕಾಲವಾಗಿದ್ದರೆ ಆಕೆ ಅಮೆರಿಕದ ಪರವಾಗಿ ನಿಲ್ಲುವ ಮಾತೇ ಏಳುತ್ತಿರಲಿಲ್ಲ. ಕಾನೂನು ಬದಲಾಗಿದ್ದುದರಿಂದ ಮನೆ ಒಂದು ದೇಶದಲ್ಲಿ, ಅಂಗಿಯ ಮೇಲಿನ ಲಾಂಛನ ಇನ್ನೊಂದು ದೇಶದ್ದು ಎಂಬುದು ಸಾಧ್ಯವಾಯಿತು. ಮುಂದೆ ಆಕೆ ತಮ್ಮ ಇಚ್ಛೆಯಿಂದಲೇ ಬ್ರಿಟಿಷ್ ಪೌರತ್ವ ಪಡೆದು ಇಂಗ್ಲೆಂಡಿನ ಪರವಾಗಿಯೂ ಆಡಿದರು. ಅಕ್ಕ ಸೂ ಐರ್ಲೆಂಡಿನ ಆಟಗಾರರೊಬ್ಬರನ್ನು ವರಿಸಿ ಸೂ ಪಿಯರ್ಡ್ ಎಂಬ ಹೆಸರಿನಿಂದ ಐರ್ಲೆಂಡಿನ ತಂಡವನ್ನು ಸೇರಿದರು. ಒಂದೇ ಮನೆಯಲ್ಲಿ ಬೆಳೆದ ಅಕ್ಕತಂಗಿಯರು ಕಡೆಗೆ ಎರಡು ದೇಶಗಳ ಆಟಗಾರ್ತಿಯರಾದರು. ಹಾಗೆಂದು ಇದನ್ನು ಚಂಚಲತೆಯೆನ್ನಲಾಗದು. ತಾನಾಗಿಯೇ ಮೇಲೆ ಬಂದು ಬೀಳುವ ರಾಷ್ಟ್ರೀಯತೆಗೂ ಕೈಯಾರೆ ಬರೆದುಕೊಟ್ಟ ಅರ್ಜಿಯಿಂದ ಬರುವ ರಾಷ್ಟ್ರೀಯತೆಗೂ ಇರುವ ಅಂತರ ದೊಡ್ಡದು.

ಪಂದ್ಯದ ರಚನೆಯ ಬಗ್ಗೆ ಎರಡು ಮಾತು. ಮೊದಲಿಗೆ ಒಂದೊಂದು ಪಂದ್ಯದಲ್ಲಿಯೂ ಏಳು ಆಟಗಳಿರುತ್ತಿದ್ದುವು: ಸಿಂಗಲ್ಸ್ ಮೂರು, ಡಬಲ್ಸ್ ನಾಲ್ಕು. ಪ್ರತಿಯೊಂದು ಪಕ್ಷದ ಎರಡು ಜೋಡಿಗಳೂ ಎದುರು ಪಕ್ಷದ ಎರಡು ಜೋಡಿಗಳೊಡನೆಯೂ ಆಡಬೇಕಾಗಿತ್ತು. ಹೀಗಾಗಿ ಒಬ್ಬಳೇ ಮಹಾ ಆಟಗಾರ್ತಿಯಿಂದ ಕಪ್ ದಕ್ಕುವಂತಿರಲಿಲ್ಲ. ಜಪಾನಿನ ಉದಯದಲ್ಲಿ ಇದು ಸ್ಪಷ್ಟವಾಗುತ್ತದೆ. 1966ರಲ್ಲಿ ನ್ಯೂಜಿಲೆಂಡಿನ ವೆಲಿಂಗ್ಟನ್ನಿನಲ್ಲಿ ಜಪಾನ್ ಅಮೆರಿಕವನ್ನು 5-2ರಿಂದ ಸೋಲಿಸಿದಾಗ, ಜಪಾನಿನ ಯಾವೊಬ್ಬ ಸ್ತ್ರೀಯೂ ಅಲ್ಲಿಯವರೆಗೆ ಆಲ್ ಇಂಗ್ಲೆಂಡ್ ಸಿಂಗಲ್ಸ್ ಗೆದ್ದಿರಲಿಲ್ಲ. ಹಿರೋಯೆ ಯೂಕಿ ಅದನ್ನು ಮೊದಲ ಬಾರಿಗೆ ಗೆದ್ದದ್ದು 1969ರಲ್ಲಿ. ವ್ಯಕ್ತಿಗಿಂತ ತಂಡವೇ ಅಲ್ಲಿ ಮೊದಲು ಗೆದ್ದಿತು. 1969, 1972, 1978 ಮತ್ತು 1981ರಲ್ಲಿಯೂ ಕಪ್ ಜಪಾನಿನದೇ.

ಜಪಾನಿನ ತಂಡಗಳ ಪಟ್ಟಿಯನ್ನು ಓದುವ ವಿದ್ಯಾರ್ಥಿಗೆ ಒಂದು ತೊಡಕು ಎದುರಾಗುತ್ತದೆ. ನೊರಿಕೊ ತಕಾಗಿ ಮತ್ತು ನೊರಿಕೊ ನಕಯಾಮ ಇಬ್ಬರಲ್ಲ, ಒಬ್ಬರೇ. ಎತ್ಸುಕೊ ತಕೆನಾಕ ಮತ್ತು ಎತ್ಸುಕೊ ತೊಗನೂ ಕೂಡ ಒಬ್ಬರೇ. ಅಮೆರಿಕದ ಪಟ್ಟಿಯಲ್ಲಿ ಡೆವ್ಲಿನ್ ಹ್ಯಾಷ್‌ಮನ್ ಆಗುವುದನ್ನೂ ವಾರ್ನರ್ ಬ್ಲಾಸ್ ಆಗುವುದನ್ನೂ ಇದಕ್ಕೆ ಸೇರಿಸಿಕೊಳ್ಳಬಹುದು. ಶಾಸನಗಳಲ್ಲಿ ಒಬ್ಬನೇ ದೊರೆ ಹಲವು ಬಿರುದುಗಳಿಂದ ಕಾಣಿಸಿಕೊಂಡಾಗ ನಾವು ಎಷ್ಟು ಎಚ್ಚರ ವಹಿಸುತ್ತೇವೆಯೋ ಅಷ್ಟೇ ಎಚ್ಚರ ಇಲ್ಲಿಯೂ ಬೇಕು. ಇಲ್ಲವಾದರೆ ಹದಿನೈದು ವರ್ಷ ಆಡಿದವಳೊಬ್ಬಳು ಏಳೆಂಟು ವರ್ಷ ಆಡಿದ ಇಬ್ಬರಾಗಿ ಒಡೆದುಹೋಗುತ್ತಾಳೆ. ಪುರುಷರ ಪಟ್ಟಿಯಲ್ಲಿ ಈ ಕಷ್ಟ ಇಲ್ಲವೆಂದೇ ಹೇಳಬಹುದು. ಜಪಾನಿನಲ್ಲಿ ಇದು ರೂಢಿಯ ಮಾತಷ್ಟೇ ಆಗಿರದೆ ಕಾನೂನಿನ ಮಾತೂ ಆಗಿದೆ. ದಂಪತಿಗಳು ಒಂದೇ ಕುಲನಾಮವನ್ನು ಹೊಂದಿರತಕ್ಕದ್ದೆಂಬ ವಿಧಿಯನ್ನು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 2015ರಲ್ಲಿಯೂ 2021ರಲ್ಲಿಯೂ ಎತ್ತಿಹಿಡಿಯಿತು. ವಿಧಿಯ ಮಾತು ಗಂಡುಹೆಣ್ಣುಗಳಿಗೆ ಸಮವಾಗಿದ್ದರೂ ಹೆಸರು ಬಿಟ್ಟುಕೊಡುವವಳು ಬಹುಮಟ್ಟಿಗೆ ಹೆಂಡತಿಯೇ.

1969 ಮತ್ತು 1972ರಲ್ಲಿ ಆಖೈರಿನಲ್ಲಿ ಜಪಾನಿಗೆ ಸೋತಿದ್ದ ಇಂಡೊನೇಷ್ಯ 1975ರಲ್ಲಿ ಜಕಾರ್ತದಲ್ಲಿ ತನ್ನ ಜನರ ಮುಂದೆ ಅದೇ ಜಪಾನನ್ನು 5-2ರಿಂದ ಸೋಲಿಸಿತು. ಮಿನಾರ್ನಿ, ಇಮೆಲ್ಡ ವಿಗುನ ಮೊದಲಾದವರು ಆ ತಂಡದವರು. ಅನಂತರದ ಗೆಲವಿಗೆ ಆ ದೇಶ 19 ವರ್ಷ ಕಾಯಬೇಕಾಯಿತು. ಅಷ್ಟರಲ್ಲಿ ಎರಡು ದೊಡ್ಡ ಬದಲಾವಣೆಗಳಾಗಿದ್ದುವು. 1981ರಲ್ಲಿ ಎರಡು ಪ್ರತಿಸ್ಪರ್ಧಿ ಒಕ್ಕೂಟಗಳು ಒಂದಾಗಿ ಚೀನಾ ಸ್ಪರ್ಧೆಯೊಳಗೆ ಬಂದಿತು. 1984ರಿಂದ ಪಂದ್ಯಕ್ಕೆ ಮೂರು ಸಿಂಗಲ್ಸ್, ಎರಡು ಡಬಲ್ಸ್ ಎಂಬ ಐದಾಟಗಳ ಕ್ರಮ ಬಂದು, ಉಬರ್ ಕಪ್ ಮತ್ತು ತಾಮಸ್ ಕಪ್‌ಗಳು ಒಂದೇ ಊರಿನಲ್ಲಿ ಒಟ್ಟಿಗೆ ನಡೆಯತೊಡಗಿದುವು. ಚೀನಾ ತನ್ನ ಮೊದಲ ಪ್ರವೇಶದಲ್ಲಿಯೇ ಕ್ವಾಲಾಲಂಪುರದಲ್ಲಿ ಇಂಗ್ಲೆಂಡನ್ನು 5-0ಯಿಂದ ಸೋಲಿಸಿ, 1992ರವರೆಗೆ ಸತತವಾಗಿ ಐದು ಬಾರಿ ಗೆದ್ದಿತು. 2024ರ ಚೆಂಗ್ಡು ಸ್ಪರ್ಧೆಯವರೆಗೆ ಅದರ ಗೆಲವುಗಳು 16. ಈ ಅಧಿಪತ್ಯದ ವಿವರ ಒಂದೇ ತೆರನಾಗಿರುವುದರಿಂದ ಇಲ್ಲಿ ವಿಸ್ತರಿಸುವುದಿಲ್ಲ.

1994ರ ಮೇ ತಿಂಗಳಲ್ಲಿ ಜಕಾರ್ತದ ಆಖೈರು ಪಂದ್ಯ ಚೀನಾ ಮತ್ತು ಇಂಡೊನೇಷ್ಯಗಳ ನಡುವೆ ಎರಡೆರಡು ಆಟಗಳಿಂದ ಸಮವಾಗಿ ನಿಂತಿತು. ನಿರ್ಣಾಯಕ ಸಿಂಗಲ್ಸಿನಲ್ಲಿ ಇಂಡೊನೇಷ್ಯದ ಪರವಾಗಿ ಇಳಿದ ಮಿಯಾ ಔದಿನ 14 ವರ್ಷದ ಬಾಲಿಕೆ. ಆಕೆ ಚೀನಾದ ಜಾಂಗ್ ನಿಂಗ್ ಅವರನ್ನು ಮೂರು ಗೇಮುಗಳಲ್ಲಿ ಸೋಲಿಸಿ ಕಪ್ಪನ್ನು ತಂದುಕೊಟ್ಟರು. ತಂಡದ ನಾಯಕತಾರೆ ಸೂಸಿ ಸುಸಾಂತಿ. 1992ರ ಬಾರ್ಸಿಲೋನ ಒಲಿಂಪಿಕ್ಸಿನಲ್ಲಿ ಇಂಡೊನೇಷ್ಯಕ್ಕೆ ಮೊತ್ತಮೊದಲ ಚಿನ್ನದ ಪದಕ ಗಳಿಸಿದವರು. ಸೂಸಿಯವರೂ ಮಿಯಾ ಅವರೂ ಚೀನೀ ಮೂಲದ ಇಂಡೊನೇಷ್ಯದವರು. ಆ ದೇಶದಲ್ಲಿ ಚೀನೀ ಮೂಲದವರು, ಅಲ್ಲಿಯೇ ಹುಟ್ಟಿದವರಾದರೂ, ತಮ್ಮ ಪೌರತ್ವವನ್ನು ತೋರಿಸಲು ವಿಶೇಷ ಪ್ರಮಾಣಪತ್ರವೊಂದನ್ನು ಹಾಜರುಪಡಿಸಬೇಕಾಗಿತ್ತು. 1996ರ ಅಧ್ಯಕ್ಷೀಯ ಆಜ್ಞೆಯಿಂದ ಕಾಗದದ ಮೇಲೆ ಇದು ರದ್ದಾದರೂ ಕಚೇರಿಗಳ ಆಚರಣೆಯಲ್ಲಿ ಅನಂತರವೂ ಉಳಿಯಿತು. ಗೆಲವಿನ ವೇದಿಕೆಯಲ್ಲಿ ರಾಷ್ಟ್ರಧ್ವಜ ಅವರದು. ಕಚೇರಿಯ ಕಿಟಕಿಯ ಮುಂದೆ ಅದನ್ನು ಮತ್ತೆ ಸಾಬೀತುಪಡಿಸಬೇಕು.

ಈ ವಿರೋಧ ಅತಿ ತೀಕ್ಷ್ಣವಾಗಿ ತೋರಿದ್ದು 1998ರ ಮೇ ತಿಂಗಳಲ್ಲಿ. ಆ ತಿಂಗಳ 13ರಿಂದ 15ರವರೆಗೆ ಜಕಾರ್ತದಲ್ಲಿ ದಂಗೆಗಳಾದುವು. ಚೀನೀ ಮೂಲದವರ ಅಂಗಡಿ ಮನೆಗಳು ಬೆಂಕಿಗೆ ಆಹುತಿಯಾದುವು. ಆ ಸಮುದಾಯದ ಸ್ತ್ರೀಯರ ಮೇಲೆ ಅತ್ಯಾಚಾರಗಳಾದುವೆಂದು ಸರ್ಕಾರವೇ ನೇಮಿಸಿದ ಸಂಗತಿಶೋಧನ ತಂಡ ವರದಿಮಾಡಿತು. ಅದೇ ಮೇ ತಿಂಗಳಲ್ಲಿ ಇಂಡೊನೇಷ್ಯದ ತಂಡಗಳು ಹಾಂಗ್‌ಕಾಂಗಿನಲ್ಲಿ ತಾಮಸ್ ಮತ್ತು ಉಬರ್ ಕಪ್‌ಗಳಿಗಾಗಿ ಆಡುತ್ತಿದ್ದುವು. ಸ್ಪರ್ಧೆ ನಡೆಯುತ್ತಿದ್ದಂತೆಯೇ, 21ರಂದು, ಅಧ್ಯಕ್ಷ ಸುಹಾರ್ತೊ ಪದತ್ಯಾಗ ಮಾಡಿದರು. ಪುರುಷರು ತಾಮಸ್ ಕಪ್ ಗೆದ್ದರು. ಸ್ತ್ರೀಯರು ಆಖೈರಿನವರೆಗೆ ಬಂದು ಚೀನಾಕ್ಕೆ 4-1ರಿಂದ ಸೋತರು. ಪತ್ರಿಕೆಗಳ ಕ್ರೀಡಾಪುಟದಲ್ಲಿ ಇದು ಪ್ರಶಸ್ತಿಯನ್ನು ಉಳಿಸಿಕೊಳ್ಳಲಾಗದ ತಂಡದ ಸೋಲು. ಊರಿನಲ್ಲಿ ತಮ್ಮವರ ಗತಿಯೇನೆಂಬ ಆತಂಕದ ನಡುವೆ, ತಮ್ಮವರನ್ನು ಹೊರಗಿನವರೆಂದು ಸುಡುತ್ತಿದ್ದ ನಾಡಿನ ಹೆಸರನ್ನು ಎದೆಯ ಮೇಲೆ ಧರಿಸಿ ಆಡಿದವರ ದೃಷ್ಟಿಯಿಂದ ಅದನ್ನು ಬರೆಯುವ ಇತಿಹಾಸ ಬೇರೆಯದೇ ಆದೀತು.

ಮಿಯಾ ಔದಿನ ಮುಂದೆ ನೆದರ್‌ಲೆಂಡ್ಸಿನವರೊಬ್ಬರನ್ನು ವರಿಸಿ ಆ ದೇಶದಲ್ಲಿ ನೆಲೆಸಿ ಅಲ್ಲಿಯ ಪೌರತ್ವ ಪಡೆದರು. 1996ರ ಒಲಿಂಪಿಕ್ಸಿನಲ್ಲಿ ಇಂಡೊನೇಷ್ಯದ ಪರವಾಗಿ ಬೆಳ್ಳಿಯ ಪದಕ ಪಡೆದಿದ್ದ ಅವರು 2004ರ ಅಥೆನ್ಸಿನಲ್ಲಿ ನೆದರ್‌ಲೆಂಡ್ಸಿನ ಪರವಾಗಿ ಮತ್ತೊಂದು ಬೆಳ್ಳಿಯ ಪದಕ ಗಳಿಸಿದರು. ಅಲ್ಲಿ ಅವರನ್ನು ಸೋಲಿಸಿ ಚಿನ್ನ ಪಡೆದವರು ಜಾಂಗ್ ನಿಂಗ್. ಹತ್ತು ವರ್ಷ ಹಿಂದೆ ಜಕಾರ್ತದಲ್ಲಿ ಸೋತಿದ್ದವರು ಅವರೇ. 2006ರಲ್ಲಿ ನೆದರ್‌ಲೆಂಡ್ಸಿನ ತಂಡ ಉಬರ್ ಕಪ್ಪಿನ ಆಖೈರಿಗೇರಿ ಚೀನಾಕ್ಕೆ ಸೋತಿತು. ಇಂಡೊನೇಷ್ಯದಲ್ಲಿ ಪರದೇಶದವರನ್ನು ವರಿಸಿದ ಸ್ತ್ರೀಯ ಮಕ್ಕಳಿಗೆ ತಾಯಿಯ ಪೌರತ್ವವನ್ನೂ ಪಡೆಯುವ ಅವಕಾಶ ದೊರೆತದ್ದು ಅದೇ 2006ರ ಶಾಸನದಿಂದ. ಅಲ್ಲಿಯವರೆಗೆ ಜಾರಿಯಲ್ಲಿದ್ದ 1958ರ ಶಾಸನ ತಂದೆಯನ್ನೇ ಅನುಸರಿಸುತ್ತಿತ್ತು.

ನಮ್ಮ ದೇಶವೂ ಈ ವಿಷಯದಲ್ಲಿ ಹೊರತಲ್ಲ. 1955ರ ಪೌರತ್ವ ಶಾಸನದಲ್ಲಿ ವಿವಾಹದ ಕಾರಣದಿಂದಲೇ ಭಾರತೀಯ ಸ್ತ್ರೀ ತನ್ನ ಪೌರತ್ವ ಕಳೆದುಕೊಳ್ಳುವ ವಿಧಿ ಇಲ್ಲ. ಇಷ್ಟರಮಟ್ಟಿಗೆ ನಾವು 1957ರ ಒಡಂಬಡಿಕೆಗಿಂತ ಮುಂಚೆಯೇ ಸರಿದಾರಿಯಲ್ಲಿದ್ದೆವು. ಆದರೆ ಹೊರದೇಶದಲ್ಲಿ ಹುಟ್ಟಿದ ಮಗುವಿಗೆ ವಂಶಾನುಗತವಾಗಿ ಪೌರತ್ವ ಬರಬೇಕಾದರೆ ತಂದೆ ಭಾರತೀಯನಾಗಿರಬೇಕಾಗಿತ್ತು; ತಾಯಿ ಭಾರತೀಯಳಾಗಿದ್ದರೆ ಸಾಲುತ್ತಿರಲಿಲ್ಲ. ತಂದೆತಾಯಿಗಳಲ್ಲಿ ಯಾರೊಬ್ಬರು ಭಾರತೀಯರಾಗಿದ್ದರೂ ಸಾಕೆಂಬ ತಿದ್ದುಪಡಿ ಬಂದದ್ದು 1992ರಲ್ಲಿ. ದೇಶದ ಪರವಾಗಿ ಆಡುವ ಅಧಿಕಾರ ಸ್ತ್ರೀಗೆ ಬಂದ ಎಷ್ಟೋ ಕಾಲದ ಮೇಲೆ ದೇಶವನ್ನು ತನ್ನ ಮಗುವಿಗೆ ಕೊಡುವ ಅಧಿಕಾರ ಬಂದಿತು. ಸ್ನಾತಕೋತ್ತರ ವಿದ್ಯಾರ್ಥಿಗಳು ಯಾರಾದರೂ ಇದನ್ನು ಪ್ರಬಂಧದ ವಿಷಯವಾಗಿ ಎತ್ತಿಕೊಂಡರೆ ನಾವು ಸಂತೋಷಪಡುತ್ತೇವೆ.

ಉಬರ್ ಕಪ್ಪಿನ ಆರಂಭದ ವರ್ಷಗಳಲ್ಲಿಯೇ ಭಾರತದ ತಂಡ ಅಂಗಳಕ್ಕಿಳಿದಿತ್ತಾದರೂ ದೊಡ್ಡ ತಂಡಗಳೊಡನೆ ಸರಿಸಮವಾಗಿ ಸೆಣಸುವ ಶಕ್ತಿ ಬಂದದ್ದು ಬಹುಕಾಲದ ಮೇಲೆ. 2014ರ ಮೇ ತಿಂಗಳಲ್ಲಿ ಸ್ಪರ್ಧೆ ಹೊಸ ದೆಹಲಿಯ ಸಿರಿಫೋರ್ಟ್ ಕ್ರೀಡಾಭವನದಲ್ಲಿ ನಡೆಯಿತು. ಸೈನಾ ನೆಹವಾಲ್, ಪಿ.ವಿ. ಸಿಂಧು, ಪಿ.ಸಿ. ತುಳಸಿ, ಡಬಲ್ಸಿನಲ್ಲಿ ಜ್ವಾಲಾ ಗುತ್ತಾ ಮತ್ತು ಬೆಂಗಳೂರಿನಲ್ಲಿ ಹುಟ್ಟಿದ ಕೊಡವ ಮನೆತನದ ಅಶ್ವಿನಿ ಪೊನ್ನಪ್ಪ ತಂಡದಲ್ಲಿದ್ದರು. ಜ್ವಾಲಾ ಮತ್ತು ಅಶ್ವಿನಿ 2011ರ ವಿಶ್ವ ಸ್ಪರ್ಧೆಯಲ್ಲಿ ಕಂಚಿನ ಪದಕ ಗಳಿಸಿದ್ದ ಜೋಡಿ. ಕ್ವಾರ್ಟರ್ ಫೈನಲಿನಲ್ಲಿ ಇಂಡೊನೇಷ್ಯವನ್ನು ಸೋಲಿಸಿ ಭಾರತ ಸೆಮಿಫೈನಲಿನಲ್ಲಿ ಜಪಾನನ್ನು ಎದುರಿಸಿತು. ಮೊದಲೆರಡು ಸಿಂಗಲ್ಸುಗಳನ್ನು ಸೈನಾ ಮತ್ತು ಸಿಂಧು ಗೆದ್ದರು. ಮೊದಲ ಡಬಲ್ಸೂ ಮೂರನೆಯ ಸಿಂಗಲ್ಸೂ ಕೈಬಿಟ್ಟುವು. ಐದನೆಯ ಆಟ ಡಬಲ್ಸ್. ಎರಡನೆಯ ಜೋಡಿಯಾಗಿ ಕಳುಹಿಸಲು ಅಷ್ಟೇ ಪಳಗಿದ ಆಟಗಾರ್ತಿಯರಿಲ್ಲದೆ, ಆಗಲೇ ಒಂದೊಂದು ಸಿಂಗಲ್ಸ್ ಆಡಿ ದಣಿದಿದ್ದ ಸೈನಾ ಮತ್ತು ಸಿಂಧು ಅವರನ್ನೇ ಜೋಡಿಯಾಗಿ ಇಳಿಸಬೇಕಾಯಿತು. ಅವರು ಸೋತರು, ಭಾರತ 2-3ರಿಂದ ಹಿಂದೆ ಉಳಿಯಿತು. ಕಂಚಿನ ಪದಕ ದೊರೆಯಿತು. ಎರಡು ವರ್ಷಗಳ ತರುವಾಯ 2016ರಲ್ಲಿ ಚೀನಾದ ಕುನ್‌ಷಾನ್ ನಗರದಲ್ಲಿ ಥಾಯ್‌ಲೆಂಡನ್ನು ಸೋಲಿಸಿ ಅದೇ ಪದಕವನ್ನು ಭಾರತ ಮತ್ತೊಮ್ಮೆ ಪಡೆಯಿತು; ಆ ಸಲ ಸೆಮಿಫೈನಲಿನ ಎದುರಾಳಿ ಚೀನಾ.